ಗಾಯನ: ಡೈನಾ ವಾಷಿಂಗ್ಟನ್

ಮೊನ್ನೆ ಭಾನುವಾರ ಮೈಸೂರಿನಲ್ಲಿ ನಮ್ಮ ಬಂಧುಗಳೊಬ್ಬರ ವೈಕುಂಠ ಸಮಾರಾಧನೆ ಇತ್ತು. ಎಲೆ ಹಾಕುವ ಮುಂಚೆ, ತೀರಿಕೊಂಡ ಹಿರಿಯರ ಫೋಟೊಗಳನ್ನು ಒಂದರ ಹಿಂದೊಂದು ತೋರಿಸುವ ವಿಡಿಯೊ ಒಂದನ್ನು ಛತ್ರದ ಗೋಡೆಯ ಮೇಲೆ ಹಾಕಿದರು. ಹಿನ್ನೆಲೆಯಲ್ಲಿ ಪಿಟೀಲುಗಳ ನಿಧಾನವಾದ ನಾದ. ಅದರ ಮೇಲೆ ಒಂದು ಹೆಣ್ಣುದನಿ. ಮೊದಲ ಸಾಲು ಮುಗಿಯುವುದರೊಳಗೆ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅದು ಅಮೆರಿಕದ ಬ್ಲೂಸ್, ಜಾಜ್ ಗಾಯಕಿ ಡೈನಾ ವಾಷಿಂಗ್ಟನ್ ಹಾಡಿದ, 1960ರಲ್ಲಿ ಮರ್ಕ್ಯುರಿ ಎಂಬ ಧ್ವನಿಮುದ್ರಣ ಕಂಪನಿಯಿಂದ ಹೊರಬಂದ ‘ದಿಸ್ ಬಿಟರ್ ಅರ್ತ್’. ಮೂರು ನಿಮಿಷಕ್ಕೆ ಫೋಟೊಗಳು ಮುಗಿದವು, ಹಾಡು ಸಾಲಿನ ನಡುವೆಯೇ ತುಂಡಾಯಿತು, ದೀಪ ಹಾಕಿದರು, ಎಲ್ಲರೂ ಊಟಕ್ಕೆ ಎದ್ದರು.

ವಿಡಿಯೊ ಮಾಡಿದ ಹುಡುಗ ಕೈ ತೊಳೆಯುವಲ್ಲಿ ಸಿಕ್ಕಿದ. “ಈ ಹಾಡು ಯಾರದಪ್ಪಾ?” ಎಂದು ಕೇಳಿದೆ. “ಯಾವುದೋ ಇಂಗ್ಲಿಷ್ ಸಿನಿಮಾದ್ದು ಅಂಕಲ್. ಸ್ಯಾಡ್ ಮ್ಯೂಸಿಕ್ ಅಂತ ಹುಡುಕಿದೆ, ಮೊದಲು ಇದೇ ಬಂತು” ಎಂದು ಹೇಳಿ ಫೋನನ್ನೂ ತೋರಿಸಿದ. ಯಾರೋ ಕತ್ತರಿಸಿ ಹಾಕಿದ್ದ ತುಣುಕು ಅದು. ಕೆಳಗೆ ಚಿತ್ರದ ಹೆಸರಿತ್ತು, ಅಳುವ ಮುಖದ ಗುರುತುಗಳಿದ್ದವು, ಹಾಡಿದವರ ಹೆಸರು ಎಲ್ಲಿಯೂ ಇರಲಿಲ್ಲ. ಹುಡುಗನ ಮೇಲೆ ನನಗೆ ಕೋಪವಿಲ್ಲ. ಅಜ್ಜನ ಮೇಲಿನ ಪ್ರೀತಿಯಿಂದ ರಾತ್ರಿಯೆಲ್ಲ ಕುಳಿತು ಮಾಡಿದ್ದಾನೆ. ಆದರೆ ಮೈಸೂರಿನಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಆ ಒಂದು ಮಾತು ನನ್ನನ್ನು ಬಿಡಲಿಲ್ಲ: “ಯಾವುದೋ ಸಿನಿಮಾದ್ದು.”

ಆ ತುಣುಕಿನ ಹಿಂದಿನ ಕತೆ ಹೀಗಿದೆ. 2010ರಲ್ಲಿ ಮಾರ್ಟಿನ್ ಸ್ಕಾರ್ಸೀಸಿ ಅವರ ‘ಶಟರ್ ಐಲ್ಯಾಂಡ್’ ಚಿತ್ರಕ್ಕೆ ಸಂಗೀತವನ್ನು ಆಯ್ದುಕೊಟ್ಟ ರಾಬಿ ರಾಬರ್ಟ್‌ಸನ್, ಮ್ಯಾಕ್ಸ್ ರಿಕ್ಟರ್ ಅವರ ಪಿಟೀಲು ರಚನೆಯೊಂದರ ಮೇಲೆ ಡೈನಾ ಅವರ ಹಳೆಯ ಧ್ವನಿಯನ್ನು ಕೂರಿಸಿದರು. ಚಿತ್ರದ ಧ್ವನಿಮುದ್ರಿಕೆಯಲ್ಲಿ ಆಕೆಯ ಹೆಸರನ್ನು ಸರಿಯಾಗಿಯೇ ಹಾಕಿದ್ದಾರೆ. ಹೆಸರು ಕಳೆದುಹೋದದ್ದು ಆಮೇಲೆ, ಕೈಯಿಂದ ಕೈಗೆ ದಾಟುವಾಗ. ಮೂಲದ ಹಾಡು ಎರಡೂವರೆ ನಿಮಿಷದಷ್ಟು. ಈ ಹೊಸ ರೂಪ ಆರು ನಿಮಿಷ ದಾಟುತ್ತದೆ. ಜೋಡಣೆ ಚೆನ್ನಾಗಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಅದು ಏಕೆ ಚೆನ್ನಾಗಿದೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಐವತ್ತು ವರ್ಷ ಹಿಂದೆ, ಬೇರೆ ವಾದ್ಯಗಳ ಜೊತೆ ಹಾಡಿದ ಧ್ವನಿಯನ್ನು ಕಿತ್ತು ತಾಳದ ಆಸರೆಯೇ ಇಲ್ಲದ ನಾದದ ಮೇಲೆ ಇಟ್ಟರೂ ಅದು ತೂರಾಡುವುದಿಲ್ಲ ಎಂದರೆ, ಲಯ ಆಕೆಯ ಉಚ್ಚಾರದಲ್ಲಿಯೇ ಇತ್ತು ಎಂದು ಅರ್ಥ. ಡೈನಾ ಸಾಹಿತ್ಯವನ್ನು ನುಂಗುವವರಲ್ಲ. ಪದದ ಎತ್ತುಗಡೆ ಗಟ್ಟಿ, ಕೊನೆಯ ವ್ಯಂಜನವೂ ಸ್ಪಷ್ಟ. ಸ್ವರವನ್ನು ಎಳೆಯುವ ಕಡೆ ಎಷ್ಟು ಬೇಕೋ ಅಷ್ಟೇ ಎಳೆದು ಬಿಟ್ಟುಬಿಡುತ್ತಾರೆ.

ಇನ್ನೊಂದು ಸಂಗತಿ ನನಗೆ ಹೆಚ್ಚು ನೋವು ಕೊಟ್ಟಿತು. ಆ ಹಾಡು ಈ ನೆಲವನ್ನು ಕಹಿ ಎಂದು ಕರೆಯುತ್ತಾ ಹೊರಟು, ಕಟ್ಟಕಡೆಯಲ್ಲಿ, ಯಾರಾದರೊಬ್ಬರು ನನ್ನ ಕೂಗಿಗೆ ಓಗೊಟ್ಟರೆ ಇದು ಅಷ್ಟೊಂದು ಕಹಿಯಾಗಿರಲಾರದೇನೋ ಎಂಬಲ್ಲಿಗೆ ತಿರುಗುತ್ತದೆ. ಇಡೀ ಹಾಡು ನಿಂತಿರುವುದೇ ಆ ತಿರುವಿನ ಮೇಲೆ. ಛತ್ರದಲ್ಲಿ ಹಾಡು ತುಂಡಾದದ್ದು ಅದಕ್ಕಿಂತ ಮುಂಚೆ. ಗಂಡನನ್ನು ಕಳೆದುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ದೊಡ್ಡಮ್ಮನ ಕಿವಿಗೆ ಬಿದ್ದದ್ದು ಕಹಿಯ ಭಾಗ ಮಾತ್ರ.

ನಮಗೆ ಹೆಸರಿನ ಬೆಲೆ ಗೊತ್ತಿಲ್ಲದೆ ಇಲ್ಲ. ಆಕಾಶವಾಣಿ ಕೇಳಿ ಬೆಳೆದವರೆಲ್ಲರ ಕಿವಿಯಲ್ಲಿ ಆ ಕ್ರಮ ಇನ್ನೂ ಇದೆ: ಚಿತ್ರ, ಸಾಹಿತ್ಯ, ಸಂಗೀತ, ಗಾಯನ. ಎಸ್. ಜಾನಕಿ ಅವರ ಹೆಸರನ್ನು ನಮ್ಮ ಅಮ್ಮ ಕಲಿತದ್ದು ಪುಸ್ತಕದಿಂದಲ್ಲ; ಒಲೆಯ ಮುಂದೆ ನಿಂತು, ಹಾಡಿಗೆ ಮುಂಚೆ ಬರುತ್ತಿದ್ದ ಆ ನಾಲ್ಕು ಮಾತುಗಳಿಂದ. ಅದಕ್ಕೂ ಹಿಂದೆ, 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡು ಯಾವುದು ಎಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ಆ ಗೌಹರ್ ಜಾನ್ ಅವರು ಕೊನೆಯ ದಿನಗಳನ್ನು ಕಳೆದು, 1930ರಲ್ಲಿ ತೀರಿಕೊಂಡದ್ದು ಇದೇ ಮೈಸೂರಿನಲ್ಲಿ. ಆಗ ಒಂದು ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಮೂರೇ ನಿಮಿಷ. ಅದರಲ್ಲಿಯೂ ಹೆಸರಿಗೆ ಜಾಗವಿತ್ತು.

“ದನಿ ಎದೆಗೆ ಮುಟ್ಟಿದರೆ ಸಾಲದೆ, ಹೆಸರು ಯಾಕೆ ಬೇಕು?” ಎಂದು ಸ್ನೇಹಿತರೊಬ್ಬರು ನಿನ್ನೆ ಫೋನಿನಲ್ಲಿ ಕೇಳಿದರು. ಇವತ್ತು ಎಲ್ಲ ಧ್ವನಿಮುದ್ರಣಗಳೂ ಬೆರಳ ತುದಿಯಲ್ಲಿವೆ, ಆ ಚಿತ್ರ ಇಲ್ಲದಿದ್ದರೆ ಆ ಹುಡುಗನಿಗೆ ಈ ದನಿಯೇ ಸಿಗುತ್ತಿರಲಿಲ್ಲ, ಸಂತೋಷಪಡುವುದನ್ನು ಬಿಟ್ಟು ಕೊರಗುತ್ತೀಯಲ್ಲ ಎಂದರು. ಸಿಗುತ್ತಿರಲಿಲ್ಲ, ನಿಜ. ಆದರೆ ಸಿಕ್ಕಿದ ಮೇಲೆ ಅವನು ಎಲ್ಲಿಗೆ ಹೋದ? ಎಲ್ಲಿಗೂ ಇಲ್ಲ, ಏಕೆಂದರೆ ಹೋಗಲು ದಾರಿಯೇ ಇರಲಿಲ್ಲ. ಹೆಸರು ಗೊತ್ತಿಲ್ಲದವನು ಆಕೆಯ ಎರಡನೆಯ ಹಾಡನ್ನು ಏನೆಂದು ಹುಡುಕಿಯಾನು? ಬೆರಳ ತುದಿಯಲ್ಲಿ ಇರುವುದಾದರೂ ಹೇಗಿದೆ ನೋಡಿ: ಒಂದೇ ಹಾಡು ಹತ್ತಾರು ಸಂಕಲನಗಳಲ್ಲಿ, ಸಂಕಲನ ಹೊರಬಂದ ಇಸವಿಯನ್ನು ಹೊತ್ತು ನಿಂತಿರುತ್ತದೆ. 1945ರ ಹಾಡಿನ ಪಕ್ಕದಲ್ಲಿ ಇಪ್ಪತ್ತೊಂದನೆಯ ಶತಮಾನದ ಇಸವಿ. ನುಡಿಸಿದವರ ಸುಳಿವೂ ಇಲ್ಲ.

ಆ 1945ರ ಹಾಡುಗಳನ್ನೇ ತೆಗೆದುಕೊಳ್ಳಿ. ಅಲಬಾಮಾದ ಟಸ್ಕಲೂಸಾದಲ್ಲಿ 1924ರಲ್ಲಿ ಹುಟ್ಟಿ, ಶಿಕಾಗೋದಲ್ಲಿ ಬೆಳೆದು, ಸ್ಯಾಲಿ ಮಾರ್ಟಿನ್ ಅವರ ಜೊತೆ ಚರ್ಚುಗಳಲ್ಲಿ ಭಕ್ತಿಗೀತೆಗಳಿಗೆ ಪಿಯಾನೊ ನುಡಿಸಿ ಹಾಡುತ್ತಿದ್ದ ರೂತ್ ಜೋನ್ಸ್ ಎಂಬ ಹುಡುಗಿ, ಲಯನೆಲ್ ಹ್ಯಾಂಪ್ಟನ್ ಅವರ ವಾದ್ಯವೃಂದ ಸೇರುವ ಹೊತ್ತಿಗೆ ಡೈನಾ ವಾಷಿಂಗ್ಟನ್ ಆಗಿದ್ದರು. 1943ರ ಡಿಸೆಂಬರಿನಲ್ಲಿ ಕೀನೋಟ್ ಕಂಪನಿಗೆ ಮೊದಲ ಹಾಡುಗಳು ಧ್ವನಿಮುದ್ರಣಗೊಂಡವು. ಎರಡು ವರ್ಷದ ನಂತರ ಲಾಸ್ ಏಂಜಲೀಸ್‌ನಲ್ಲಿ ಅಪೊಲೊ ಕಂಪನಿಗೆ ಹನ್ನೆರಡು ಹಾಡು ಹಾಡಿದರು. ಜೊತೆಗೆ ನುಡಿಸಿದವರು: ಸ್ಯಾಕ್ಸೊಫೋನ್ ಲಕಿ ಥಾಂಪ್ಸನ್, ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವೈಬ್ರಫೋನ್ ಮಿಲ್ಟ್ ಜ್ಯಾಕ್ಸನ್, ತಗ್ಗು ನಾದದ ದೊಡ್ಡ ತಂತಿವಾದ್ಯ ಬಾಸ್ ಚಾರ್ಲ್ಸ್ ಮಿಂಗಸ್. ಜ್ಯಾಕ್ಸನ್ ಅವರಿಗೆ ಆಗ 22 ವರ್ಷ, ಮಿಂಗಸ್ ಅವರಿಗೆ 23, ಹಾಡುತ್ತಿದ್ದಾಕೆಗೆ 21. ಮುಂದೆ ಜಾಜ್‌ನ ದಿಕ್ಕನ್ನೇ ಬದಲಿಸಿದವರು ಒಂದು ಕೋಣೆಯಲ್ಲಿ ನಿಂತು ಈ ಹುಡುಗಿಯ ಬ್ಲೂಸ್‌ಗೆ, ಅಂದರೆ ಕಪ್ಪು ಅಮೆರಿಕನ್ನರ ನೋವಿನ ಹಾಡಿಗೆ, ಆಸರೆ ಕೊಡುತ್ತಿದ್ದಾರೆ ಎಂದು ತಿಳಿದು ಕೇಳುವುದಕ್ಕೂ, ಏನೂ ತಿಳಿಯದೆ ಕೇಳುವುದಕ್ಕೂ ವ್ಯತ್ಯಾಸವಿದೆ. ತಿಳಿದ ಮೇಲೆ ಕಿವಿ ತಾನಾಗಿ ಬಾಸ್‌ನ ಕಡೆಗೆ ಹೋಗುತ್ತದೆ.

ಹೆಸರು ಆಕೆಗೆ ಸುಲಭವಾಗಿ ಬಂದದ್ದೂ ಅಲ್ಲ. ಜನಪ್ರಿಯ ಹಾಡುಗಳ ಪಟ್ಟಿ ಮಾಡುವಾಗ ಕಪ್ಪು ಜನರ ಹಾಡುಗಳನ್ನು ಬೇರೆಯೇ ಪಟ್ಟಿಯಲ್ಲಿ ಇಡುತ್ತಿದ್ದ ಕಾಲ ಅದು. ಆ ಪಟ್ಟಿಯಲ್ಲಿ ಡೈನಾ ವರ್ಷಗಟ್ಟಲೆ ರಾಣಿಯಾಗಿದ್ದರು. ಎಲ್ಲರೂ ನೋಡುವ ಪಾಪ್ ಪಟ್ಟಿಯ ಮೊದಲ ಹತ್ತರೊಳಗೆ ಬರಲು ಮೊದಲ ಧ್ವನಿಮುದ್ರಣದಿಂದ 16 ವರ್ಷ ಬೇಕಾಯಿತು, 1959ರಲ್ಲಿ ‘ವಾಟ್ ಎ ಡಿಫರೆನ್ಸ್ ಎ ಡೇ ಮೇಕ್ಸ್’ ಬರುವವರೆಗೆ. ಆ ಹಾಡಿಗೆ ಗ್ರ್ಯಾಮಿಯೂ ಬಂತು. ಅದಾಗಿ ನಾಲ್ಕು ವರ್ಷಕ್ಕೆ, 1963ರ ಡಿಸೆಂಬರ್ 14ರಂದು, ನಿದ್ರೆಮಾತ್ರೆಗಳು ಮಿತಿಮೀರಿ ಡೆಟ್ರಾಯಿಟ್‌ನಲ್ಲಿ ತೀರಿಕೊಂಡರು. ವಯಸ್ಸು 39.

ಅಂಥ ಡೈನಾ ಬೇರೆಯವರ ಹೆಸರನ್ನು ಹೇಗೆ ಹೇಳಿದರು ಎಂಬುದನ್ನು ನೆನೆದರೆ ನನ್ನ ಸಂಕಟ ಹೆಚ್ಚಾಗುತ್ತದೆ. 1958ರಲ್ಲಿ ಬ್ಲೂಸ್‌ನ ಹಿರಿಯಕ್ಕ ಬೆಸ್ಸಿ ಸ್ಮಿತ್ ಅವರ ಹಾಡುಗಳನ್ನೇ ಆರಿಸಿ ಒಂದು ಇಡೀ ತಟ್ಟೆ ಹಾಡಿ, ಅದಕ್ಕೆ ‘ಡೈನಾ ಸಿಂಗ್ಸ್ ಬೆಸ್ಸಿ ಸ್ಮಿತ್’ ಎಂದೇ ಹೆಸರಿಟ್ಟರು. ಬೆಸ್ಸಿ ತೀರಿಕೊಂಡು ಆಗ 21 ವರ್ಷ. ಅವರ ಸಮಾಧಿಯ ಮೇಲೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ; ಅದು ಬಂದದ್ದು 1970ರಲ್ಲಿ. ಕಲ್ಲು ಬರುವುದಕ್ಕೆ 12 ವರ್ಷ ಮುಂಚೆಯೇ ಡೈನಾ ಆ ಹೆಸರನ್ನು ತಮ್ಮ ತಟ್ಟೆಯ ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಇಟ್ಟಿದ್ದರು.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ನಾನೂ ಮೂರು ವರ್ಷ ಇದೇ ಅಪರಾಧ ಮಾಡಿದ್ದೇನೆ. 1986ರಲ್ಲಿ ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೊಬ್ಬ ಊರು ಬಿಡುವಾಗ ನನಗೆ ಒಂದು ಕ್ಯಾಸೆಟ್ ಕೊಟ್ಟಿದ್ದ. ಅದರ ಮೇಲೆ ನೀಲಿ ಶಾಯಿಯಲ್ಲಿ ‘ಬ್ಲೂಸ್, ಲೇಡಿ’ ಎಂದಷ್ಟೇ ಬರೆದಿತ್ತು. ಪರೀಕ್ಷೆಯ ರಾತ್ರಿಗಳಲ್ಲಿ, ಅಪ್ಪ ಆಸ್ಪತ್ರೆಯಲ್ಲಿದ್ದ ಆ ಮಳೆಗಾಲದಲ್ಲಿ, ಟೇಪು ಸವೆದು ದನಿ ಮಂಕಾಗುವವರೆಗೆ ಕೇಳಿದೆ. ಅವನಿಗೆ ಒಂದು ಕಾಗದ ಬರೆದು ‘ಈಕೆ ಯಾರು?’ ಎಂದು ಕೇಳಬಹುದಿತ್ತು, ಕೇಳಲಿಲ್ಲ. ದನಿಯನ್ನು ಪಡೆದುಕೊಂಡೆ, ಆಕೆಯನ್ನು ಬಿಟ್ಟುಬಿಟ್ಟೆ. 1989ರಲ್ಲಿ ಒಂದು ರಾತ್ರಿ ಶಾರ್ಟ್‌ವೇವ್‌ನಲ್ಲಿ ವಾಯ್ಸ್ ಆಫ್ ಅಮೆರಿಕದ ಜಾಜ್ ಕಾರ್ಯಕ್ರಮ ಬರುತ್ತಿತ್ತು. ವಿಲಿಸ್ ಕಾನೊವರ್ ತಮ್ಮ ಗಂಭೀರ ದನಿಯಲ್ಲಿ, ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯುವಂತೆ ಒಂದೊಂದೇ ಶಬ್ದ ಬಿಡಿಸಿ ಹೆಸರು ಹೇಳಿದರು. ಗರಗರ ಸದ್ದಿನ ನಡುವೆ ಆ ದನಿ ಬಂತು. ನಾನು ಎದ್ದು ಲೈಟ್ ಹಾಕಿ ಕ್ಯಾಸೆಟ್ಟಿನ ಚೀಟಿಯ ಮೇಲೆ ಆ ಎರಡು ಪದಗಳನ್ನು ಬರೆದೆ. ಆ ಚೀಟಿ ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ.

ಮೊನ್ನೆ ರಾತ್ರಿ ಮನೆಗೆ ಬಂದವನು ಆ ಹುಡುಗನಿಗೆ ಒಂದು ಸಂದೇಶ ಕಳಿಸಿದೆ. ಬೈಗುಳವಲ್ಲ, ಹಾಡಿದವರು ಡೈನಾ ವಾಷಿಂಗ್ಟನ್, ಬರೆದವರು ಕ್ಲೈಡ್ ಓಟಿಸ್, ಇಸವಿ 1960, ಕೊನೆಯವರೆಗೂ ಒಮ್ಮೆ ಕೇಳು ಎಂದು ಅಷ್ಟೇ. ಜೊತೆಗೆ ಎರಡು ಕೊಂಡಿಗಳು. ಒಂದು, 1958ರ ನ್ಯೂಪೋರ್ಟ್ ಉತ್ಸವದಲ್ಲಿ ಚಿತ್ರೀಕರಿಸಿದ್ದು. ಅದರಲ್ಲಿ ಆಕೆ ಹಾಡಿನ ನಡುವೆ ಕೋಲು ಹಿಡಿದು ಟೆರಿ ಗಿಬ್ಸ್ ಪಕ್ಕದಲ್ಲಿ ನಿಂತು ವೈಬ್ರಫೋನ್ ನುಡಿಸುತ್ತಾರೆ, ಮುಖದ ತುಂಬ ನಗು. ಇನ್ನೊಂದು, 1954ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೊ ಒಂದಕ್ಕೆ ಕೇಳುಗರನ್ನು ಕರೆಸಿ, ಅವರ ಎದುರಿಗೇ ಧ್ವನಿಮುದ್ರಿಸಿದ ‘ಡೈನಾ ಜ್ಯಾಮ್ಸ್’.

ನಿನ್ನೆ ಸಂಜೆ ಅವನ ಉತ್ತರ ಬಂತು. ಹಾಡನ್ನು ಪೂರ್ತಿ ಕೇಳಿದನಂತೆ. ವಿಡಿಯೊವನ್ನು ಮತ್ತೆ ಜೋಡಿಸಿ, ಕೊನೆಯ ಸಾಲಿನವರೆಗೂ ಹೋಗುವಂತೆ ಅಜ್ಜನ ಸ್ಕೂಟರ್ ಫೋಟೊವನ್ನು ಉದ್ದಕ್ಕೆ ನಿಲ್ಲಿಸಿದ್ದಾನಂತೆ. ಅದರ ಕೆಳಗೆ ಇನ್ನೊಂದು ಪ್ರಶ್ನೆ: “ಅಂಕಲ್, 1954ರದ್ದರಲ್ಲಿ ತುತ್ತೂರಿ ಊದುವವರು ಒಬ್ಬರಾ, ಇಬ್ಬರಾ?”

ಮೂವರು ಎಂದು ಬರೆದೆ. ಕ್ಲಿಫರ್ಡ್ ಬ್ರೌನ್, ಕ್ಲಾರ್ಕ್ ಟೆರಿ, ಮೇನಾರ್ಡ್ ಫರ್ಗ್ಯುಸನ್.