ಗಿಟಾರ್ ನುಂಗಿದ ಪಿಕ್

ಬೆಳಿಗ್ಗೆ ನಲ್ಲಿಯಲ್ಲಿ ನೀರಿರಲಿಲ್ಲ. ಮೋಟರ್ ಕೆಟ್ಟಿತ್ತು. ಸ್ನಾನ ಹೇಗೂ ತಡ ಅಂತ ಗಿಟಾರ್ ತಗೊಂಡು ಕೂತೆ. ಎರಡನೇ ಸಲ ಮೀಟುವಷ್ಟರಲ್ಲಿ ಪಿಕ್, ಅಂದ್ರೆ ತಂತಿ ಮೀಟೋ ಪುಟ್ಟ ಬಿಲ್ಲೆ, ಬೆರಳಿಂದ ಜಾರಿ ಗಿಟಾರಿನ ತೂತಿನೊಳಗೆ ಬಿತ್ತು. ಈ ತಿಂಗಳಲ್ಲಿ ಇದು ನಾಲ್ಕನೇ ಸಲ!

ಮಗ ಪಿಯುಸಿ ಸೇರಿದಾಗ ಬೀರು ಮೇಲೆ ಹಾಕಿದ ಗಿಟಾರ್ ಇದು. ಮೂರು ತಿಂಗಳಿಂದ ನನ್ನ ಪಾಲಿಗೆ ಬಂದಿದೆ. ಹಲವು ಸ್ವರ ಒಟ್ಟಿಗೆ ನುಡಿಸೋ ಹಿಡಿತಕ್ಕೆ ಕಾರ್ಡ್ ಅಂತಾರೆ. ಇ ಮೈನರ್ ಅನ್ನೋ ಕಾರ್ಡ್‌ಗೆ ಎರಡೇ ಬೆರಳು ಸಾಕು, ಹಾಗಾಗಿ ಮೊದಲ ದಿನ ನಾನೂ ಕಲಾವಿದನೇ. ಜಿ, ಸಿ, ಡಿ ಕೂಡ ಹೇಗೋ ದಾಟಿದೆ. ಆಮೇಲೆ ಎಫ್ ಬಂತು ನೋಡಿ. ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕಂತೆ. ನನ್ನ ಬೆರಳಿಗೆ ನಾಲ್ಕು ಸಿಗುತ್ತವೆ, ಉಳಿದೆರಡು ಟಕ್ ಟಕ್ ಅನ್ನುತ್ತವೆ. ಸಿ ಬಿಟ್ಟು ಎಫ್ ಹಿಡಿಯುವಷ್ಟರಲ್ಲಿ ಹಾಡು ಮುಂದಿನ ಸ್ಟಾಪ್ ದಾಟಿರುತ್ತದೆ.

ಇದರ ಮಧ್ಯೆ ಅಡುಗೆಮನೆಯಿಂದ ಅಮ್ಮ ದಿನಾ ಕೇಳುತ್ತಾಳೆ: "ಶ್ರುತಿ ಆಯ್ತೇನೋ?"

ನಾನು ನುಡಿಸ್ತಾ ಇರೋದೇ ಹಾಡು ಅಂತ ಹೇಳಕ್ಕೆ ಧೈರ್ಯವಿಲ್ಲ. "ಆಗ್ತಾ ಇದೆ ಅಮ್ಮಾ" ಅಂತೀನಿ. ಮೂರು ತಿಂಗಳಿಂದ ಆಗ್ತಾನೇ ಇದೆ. ಹೋದ ವಾರ ಐದನೇ ಫ್ರೆಟ್‌ನಲ್ಲಿ, ಅಂದ್ರೆ ಗಿಟಾರಿನ ಕತ್ತಿನ ಐದನೇ ಮನೆಯಲ್ಲಿ, ಎ ಮೈನರ್ ಪೆಂಟಟಾನಿಕ್ ಅನ್ನೋ ಐದು ಸ್ವರಗಳ ಸಾಲಿನ ಒಂದು ಸಣ್ಣ ತುಣುಕು ಬಾರಿಸಿದೆ. "ಶುದ್ಧ ಧನ್ಯಾಸಿ ರಾಗ ಅಲ್ವಾ?" ಅಂದಳು. ಖುಷಿಯಿಂದ ಹೌದು ಅಂದೆ. "ಪಾಪ, ಅದಕ್ಕೆ ನೆಗಡಿಯಾಗಿದೆ."

ಪಿಕ್ ವಿಷಯಕ್ಕೆ ಬರೋಣ. ಗಿಟಾರನ್ನು ತಲೆಯ ಮೇಲೆತ್ತಿ ಮಗುಚಿ ಅಲ್ಲಾಡಿಸಿದೆ. ಒಳಗೆ ಗಲಗಲ ಅಂತು. ಮೊದಲು ಒಂದು ಪೆನ್ಸಿಲ್ ತುಂಡು ಬಿತ್ತು. ಆಮೇಲೆ ಎಂಟಾಣೆ. ಆಮೇಲೆ ಯಾವ ಕಾಲದ್ದೋ ಕಡ್ಲೆಬೀಜ. ಅದರ ಹಿಂದೆಯೇ ಧೂಳು, ಅದೂ ನೇರ ಕಣ್ಣಿಗೆ. ಪಿಕ್ ಮಾತ್ರ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಾ ಒಳಗೇ ಸುಖವಾಗಿತ್ತು. "ಮಗೂಗೆ ವಾಂತಿ ಮಾಡಿಸ್ತಿದ್ದೀರಾ?" ಅಂತ ಹೆಂಡತಿ ಕೇಳಿದಳು. ಪೇಪರ್ ಹುಡುಗ ಪೇಪರ್ ಹಾಕಿದ ಮೇಲೂ ಬಾಗಿಲಲ್ಲೇ ನಿಂತಿದ್ದ.

"ತಾ ಇಲ್ಲಿ" ಅಂದಳು ಅಮ್ಮ. ಗಿಟಾರನ್ನು ಮೊರದ ಹಾಗೆ ಅಂಗಾತ ಹಿಡಿದು ಎರಡು ಸಲ ಮೆಲ್ಲಗೆ ವಾಲಿಸಿದಳು. ಪಿಕ್ ಜಾರಿ ತೂತಿನ ಕೆಳಗೆ ಬಂದು ನಿಂತಿತು. ಒಂದೇ ಪಟ್ಟಿಗೆ ಮಗುಚಿದಳು. ಟಪ್! "ಅಕ್ಕೀಲಿ ಕಲ್ಲು ಆರಿಸಿದೋರಿಗೆ ಇದೇನು ಮಹಾ?"

ಪಿಕ್ ಕೊಡುವಾಗ ನನ್ನ ಎಡಗೈ ಹಿಡಿದು ಬೆರಳ ತುದಿ ಒತ್ತಿ ನೋಡಿದಳು. "ಜಡ್ಡುಗಟ್ಟಿದೆ. ನನಗೂ ಇತ್ತು, ವೀಣೆ ತಂತೀದು." ತನ್ನ ತೋರುಬೆರಳು, ನಡುಬೆರಳು ತೋರಿಸಿದಳು. ಮದುವೆಯಾಗಿ ಬಂದ ಮನೆಯಲ್ಲಿ ವೀಣೆ ಇಡಲು ಜಾಗವಿರಲಿಲ್ಲವಂತೆ. ಈಗ ಆ ಬೆರಳಲ್ಲಿ ಗೆರೆಯಿಲ್ಲ, ಅರಿಶಿನ ಮಾತ್ರ ಇದೆ.

ಏನು ಹೇಳಬೇಕೋ ತಿಳಿಯಲಿಲ್ಲ. ಸುಮ್ನೆ ಇ ಮೈನರ್ ಹಿಡಿದು ಒಂದು ಸಲ ಮೀಟಿದೆ.

"ಹಾಂ, ಈಗ ಶ್ರುತಿ ಸೇರ್ತು" ಅಂದಳು ಅಮ್ಮ. "ಇನ್ನು ಹಾಡು ಶುರು ಮಾಡು."

ಅಷ್ಟರಲ್ಲಿ ನಲ್ಲಿ ಬುಸ್ ಅಂತು. ಬಚಾವಾದೆ.