ಅಡುಗೆ ಮಾಡದಿದ್ದರೂ ಓದಬಹುದು

ಮಾಡಿ ನೋಡದ ಮೇಲೆ ಅಡುಗೆ ಪುಸ್ತಕ ಓದಿ ಏನು ಉಪಯೋಗ ಎಂದು ಲೇಖನದಲ್ಲಿ ಕೇಳಿದ್ದೀರಿ. ಉಪಯೋಗ ಬೇಕಾದಷ್ಟಿದೆ. ಮನಸ್ಸು ಕೆಟ್ಟ ರಾತ್ರಿ ನನಗೆ ಕಾದಂಬರಿ ಹಿಡಿಸುವುದಿಲ್ಲ, ಅಲ್ಲಿ ಯಾರಿಗೆ ಏನಾಗುತ್ತದೋ ಎಂಬ ಆತಂಕ ಬೇರೆ. ‘ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಬಾಡಿಸಿ, ಅವಸರ ಬೇಡ’ ಎಂಬಂಥ ಒಂದು ಸಾಲು ಓದಿದರೆ ಸಾಕು, ಉಸಿರು ನಿಧಾನವಾಗುತ್ತದೆ. ಮುಂದೇನು ಮಾಡಬೇಕೆಂದು ಯಾರೋ ಸಮಾಧಾನವಾಗಿ ಪಕ್ಕದಲ್ಲೇ ನಿಂತು ಹೇಳುತ್ತಿರುತ್ತಾರೆ. ಎಷ್ಟು ಹಾಕಬೇಕು, ಯಾವಾಗ ಇಳಿಸಬೇಕು, ಎಲ್ಲಕ್ಕೂ ಉತ್ತರವಿದೆ. ಕೊನೆಗೆ ಬಡಿಸುವುದೂ ಖಾತ್ರಿ.

ಇದು ಹೊಟ್ಟೆ ತುಂಬಿದವರ ಶೋಕಿ ಅಂತೂ ಅಲ್ಲ. ಬ್ರಿಟಿಷ್ ಅಡುಗೆ ಲೇಖಕಿ ಎಲಿಜಬೆತ್ ಡೇವಿಡ್ ಮೆಡಿಟರೇನಿಯನ್ ಅಡುಗೆಯ ಬಗ್ಗೆ ಬರೆದ ಮೊದಲ ಪುಸ್ತಕ 1950ರಲ್ಲಿ ಬಂದಾಗ ಬ್ರಿಟನ್ನಿನಲ್ಲಿ ಆಹಾರವನ್ನು ಅಳೆದು ಕೊಡುವ ಯುದ್ಧಕಾಲದ ಪಡಿತರ ಇನ್ನೂ ಇತ್ತು, ಅದು ಪೂರ್ತಿ ನಿಂತದ್ದು 1954ರಲ್ಲಿ. ಪುಸ್ತಕದಲ್ಲಿ ಹೇಳಿದ ಎಷ್ಟೋ ಸಾಮಾನು ಅಲ್ಲಿ ಸಿಗುವುದೇ ಕಷ್ಟವಾಗಿತ್ತು. ಆದರೂ ಜನ ಓದಿದರು. ಇನ್ನೂ ಮನಸ್ಸು ಕಲಕುವುದು ಎರಡನೇ ಮಹಾಯುದ್ಧದ ಕಾಲದಲ್ಲಿ ಈಗಿನ ಚೆಕ್ ದೇಶದ ಟೆರೆಜಿನ್‌ನಲ್ಲಿದ್ದ ನಾಜಿ ಶಿಬಿರದ ಸಂಗತಿ. ಹಸಿವಿನಿಂದ ಸಾಯುತ್ತಿದ್ದ ಯಹೂದಿ ಹೆಂಗಸರು ತಮ್ಮ ಮನೆಯ ಅಡುಗೆಗಳನ್ನು ನೆನಪಿನಿಂದಲೇ ಬರೆದಿಟ್ಟರು. ಆ ಹಸ್ತಪ್ರತಿ ಹೇಗೋ ಉಳಿದು 1996ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಹೊರಬಂತು. ಅದನ್ನು ಬರೆಯುವಾಗ ಅವರ ಮುಂದೆ ಒಲೆಯೂ ಇರಲಿಲ್ಲ, ಹಿಟ್ಟೂ ಇರಲಿಲ್ಲ.

ಈಗಿನ ಪುಸ್ತಕಗಳ ಬಗ್ಗೆ ಒಂದು ತಕರಾರಿದೆ: ಚಿತ್ರ ಜಾಸ್ತಿ, ಮಾತು ಕಡಿಮೆ. ಹಿಟ್ಟು ಕೈಗೆ ಅಂಟಿದರೆ ಏನು ಮಾಡಬೇಕು, ತಳ ಹಿಡಿಯುವ ಮುಂಚೆ ವಾಸನೆ ಹೇಗಿರುತ್ತದೆ ಎಂದೆಲ್ಲ ಬಿಡಿಸಿ ಹೇಳುವ ಹಳೆಯ ಪುಸ್ತಕ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ.