ಎರಡು ಚಮಚ ಗೋಧಿ ಹಿಟ್ಟು

‘ಜೋಳದ ರೊಟ್ಟಿ ಹರೀತದೇನ್ರಿ? ಎರಡು ಚಮಚ ಗೋಧಿ ಹಿಟ್ಟು ಹಾಕ್ರಿ.’ ಅಡುಗೆ ವಿಡಿಯೊಗಳಲ್ಲಿ ಈ ಉಪದೇಶ ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಹೇಳುವ ದನಿ ಹುಬ್ಬಳ್ಳಿ-ಧಾರವಾಡದ್ದಾದರಂತೂ ಮುಗಿದೇ ಹೋಯಿತು.

ಗೋಧಿಯ ಗ್ಲುಟೆನಿನ್, ಗ್ಲಯಾಡಿನ್ ಎಂಬ ಪ್ರೋಟೀನುಗಳು ನೀರು ಬಿದ್ದು ನಾದಿಸಿಕೊಂಡರೆ ಸಾಕು, ಒಂದನ್ನೊಂದು ಹಿಡಿದು ಹಿಗ್ಗುವ ಬಲೆಯಾಗುತ್ತವೆ; ಆ ಬಲೆಯೇ ಗ್ಲುಟೆನ್. ಲಟ್ಟಿಸಿದಷ್ಟೂ ಅಗಲ. ಜೋಳಕ್ಕೂ ಪ್ರೋಟೀನಿನ ಬಡತನವಿಲ್ಲ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಇದೆ. ಆದರೆ ಅದರಲ್ಲಿ ಬಹುಪಾಲು ಕಾಫಿರಿನ್. ಅದಕ್ಕೋ ನೀರು ಕಂಡರಾಗದು. ಕಾಳಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ ಕೂತಿರುತ್ತದೆ. ಗುಂಡಿನ ಅಂಚಿನಲ್ಲಿ ಬೀಟಾ, ಗ್ಯಾಮಾ ಬಗೆಯ ಕಾಫಿರಿನ್‌ಗಳು ಗಂಧಕದ ಕೊಂಡಿ ಹಾಕಿಕೊಂಡು ಕಾವಲು, ಒಳಗೆ ಆಲ್ಫಾ. ಬಾಗಿಲು ಹಾಕಿಕೊಂಡ ಮನೆಯಂತೆ. ರಟ್ಟೆ ಬೀಳುವವರೆಗೆ ನಾದಿದರೂ ಬಲೆ ಕಟ್ಟುವುದಿಲ್ಲ.

ಹಾಗಾಗಿಯೇ ಎಸರು, ಅಂದರೆ ಹಿಟ್ಟಿಗೆ ಸುರಿಯುವ ಕುದಿನೀರು. ಪ್ರೋಟೀನು ಮಾಡದ ಕೆಲಸವನ್ನು ಪಿಷ್ಟದಿಂದ ಮಾಡಿಸುವ ಉಪಾಯ ಅದು. ಎರಡು ಬಟ್ಟಲು ಹಿಟ್ಟಿಗೆ ಹೆಚ್ಚೂಕಡಿಮೆ ಒಂದೂವರೆ ಬಟ್ಟಲು ನೀರು, ಚಿಟಿಕೆ ಉಪ್ಪು. ನೀರು ‘ಬಿಸಿಯಾದರೆ’ ಸಾಲದು, ತಳಮಳ ಕುದಿಯಬೇಕು. ಜೋಳದ ಪಿಷ್ಟ ಉಬ್ಬಿ ಅಂಟಾಗಲು 70 ಡಿಗ್ರಿ ದಾಟಬೇಕು, ತಣ್ಣನೆಯ ಪರಾತ ಮತ್ತು ಹಿಟ್ಟು ಸೇರಿ ಆ ಬಿಸಿಯನ್ನು ಕ್ಷಣದಲ್ಲಿ ನುಂಗಿಬಿಡುತ್ತವೆ. ನಡುವೆ ಗುಂಡಿ ಮಾಡಿ ಸುರಿದು, ಸೌಟಿನ ಹಿಡಿಕೆಯಿಂದ ಕಲಸಿ, ಐದು ನಿಮಿಷ ಮುಚ್ಚಿಡಬೇಕು. ಆಮೇಲೆ ಒಂದು ರೊಟ್ಟಿಗಾಗುವಷ್ಟನ್ನೇ ತೆಗೆದು, ಕೈಗೆ ನೀರು ಹಚ್ಚಿಕೊಂಡು ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎಲ್ಲವನ್ನೂ ಒಮ್ಮೆಲೇ ನಾದಿ ಫೋನು ಹಿಡಿದು ಕೂತರೆ ಹಿಟ್ಟು ಆರಿ ಬಿರುಸಾಗುತ್ತದೆ; ಆಮೇಲೆ ಜೋಳವನ್ನು ಬೈಯುವುದು. ಅಂಚು ಸೀಳಿದರೆ ಎಸರು ಕುದ್ದಿರಲಿಲ್ಲ, ಇಲ್ಲವೇ ಹಿಟ್ಟು ಆರಿತ್ತು ಎಂದರ್ಥ. ಕಲ್ಲಿಗೆ ಮೆತ್ತಿದರೆ ನೀರು ಹೆಚ್ಚಾಯಿತು. ಬಡಿಯುವುದೂ ಇದಕ್ಕೇ: ಪಿಷ್ಟದ ಅಂಟು ಒತ್ತಿದರೆ ಹರಡುತ್ತದೆ, ಎಳೆದರೆ ಹರಿಯುತ್ತದೆ.

ಹಂಚಿನ ಮೇಲೆ ಹಾಕುವಾಗ ಹುಡಿಹಿಟ್ಟು ಹತ್ತಿದ ಮೈ ಮೇಲಿರಬೇಕು. ಅದಕ್ಕೆ ಒದ್ದೆ ಅರಿವೆಯಿಂದ ತುಂಬ ನೀರು ಸವರಿದರೆ ಸಣ್ಣ ಸೀಳುಗಳೆಲ್ಲ ಮುಚ್ಚಿ, ಆವಿ ಒಳಗೇ ನಿಂತು ರೊಟ್ಟಿ ಉಬ್ಬುತ್ತದೆ. ನೀರು ಪೂರ್ತಿ ಆರುವ ಮೊದಲೇ ತಿರುವಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಮೈ ಬಿರಿಯುತ್ತದೆ. ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರು ಚಪಾತಿ ತಿನ್ನಲಿ, ಬೇಡ ಎಂದವರಾರು?

ಬೇಯಿಸಿದಾಗ ಕಾಫಿರಿನ್ನಿನ ಗಂಧಕದ ಕೊಂಡಿಗಳು ಇನ್ನೂ ಬಿಗಿಯಾಗಿ, ಹೊಟ್ಟೆಯ ಕಿಣ್ವಗಳಿಗೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ ಎಂಬುದು ನಿಜ. ಮೈಗೆ ಬೇಕೇಬೇಕಾದ ಲೈಸಿನ್ ಎಂಬ ಅಮೈನೊ ಆಮ್ಲವೂ ಅದರಲ್ಲಿ ಕಡಿಮೆ. ಅದಕ್ಕೇ ಪಕ್ಕದಲ್ಲಿ ಮಡಕಿಕಾಳಿನ ಪಲ್ಯ ಇರುತ್ತದಲ್ಲ! ಎರಡು ಚಮಚ ಗೋಧಿಯಿಂದ ಆ ಕೊರತೆಯೇನೂ ತುಂಬದು, ಗೋಧಿಗೂ ಲೈಸಿನ್ನಿನದ್ದೇ ಬಡತನ.

ಸಿಟ್ಟಿಗೆ ಇನ್ನೊಂದು ಕಾರಣವಿದೆ. ಸೀಲಿಯಾಕ್ ಕಾಯಿಲೆಯವರಿಗೆ ಗೋಧಿಯ ಗ್ಲುಟೆನ್ ಚೂರು ಹೋದರೂ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಅಂಥವರು ನಂಬಿ ಖಾನಾವಳಿಗೆ ಬಂದು ಜೋಳದ ರೊಟ್ಟಿ ಕೇಳುತ್ತಾರೆ. ಬೆರೆಸುವವರು ಬೆರೆಸಲಿ, ಆದರೆ ಗಲ್ಲಾದ ಹಿಂದಿನ ಫಲಕದಲ್ಲಿ ರೊಟ್ಟಿಯ ದರದ ಪಕ್ಕ ‘ಗೋಧಿ ಬೆರೆಸಿದ್ದು’ ಎಂದು ಬರೆಯಲಿಕ್ಕೆ ಏನು ಕಷ್ಟ?